ಕೆಮ್ಮಿಗೆ ಆಂಟಿಹಿಸ್ಟಮಿನ್: ಒಂದು ಸಂಶೋಧನ ವಾಙ್ಮಯದ ಪ್ರಮಾಣವಿಚಾರ

೧

ಮನುಷ್ಯನನ್ನು ಕಾಡುವ ಉಪದ್ರವಗಳಲ್ಲಿ ಕೆಮ್ಮಿನಷ್ಟು ಸಾಮಾನ್ಯವಾದುದು ಬೇರೊಂದಿಲ್ಲ. ಸಾಮಾನ್ಯವಾದ ಕಾರಣದಿಂದಲೇ ಅದರ ವಿಷಯವಾಗಿ ಎಚ್ಚರದಿಂದ ವಿಚಾರ ಮಾಡುವವರೂ ಕಡಮೆ. ರಾತ್ರಿಯಲ್ಲಿ ಮಗು ಕೆಮ್ಮಿದರೆ ತಾಯಿ ಎದ್ದು ಕೂರುತ್ತಾಳೆ. ಬೆಳಗಾದರೆ ಔಷಧದಂಗಡಿಯಿಂದ ಒಂದು ಸೀಸೆ ಬರುತ್ತದೆ. ಕೆಲವು ದಿನಗಳಲ್ಲಿ ಕೆಮ್ಮು ನಿಲ್ಲುತ್ತದೆ. ನಿಲ್ಲಿಸಿದ ಕೀರ್ತಿ ಸೀಸೆಗೆ ಸಲ್ಲುತ್ತದೆ. ಇವುಗಳಲ್ಲಿ ಮೊದಲಿನವು ಕಣ್ಣಿಗೆ ಕಂಡ ಸಂಗತಿಗಳು. ಕಡೆಯದು ಮಾತ್ರ ಅನುಮಾನ. ಆ ಸೀಸೆಗಳಲ್ಲಿ ಅನೇಕವುಗಳೊಳಗೆ ಇರುವುದು ಆಂಟಿಹಿಸ್ಟಮಿನ್ ಎಂಬ ವರ್ಗದ ಔಷಧ. ಅದು ಕೆಮ್ಮನ್ನು ನಿಜವಾಗಿಯೂ ತಗ್ಗಿಸುವುದೆ ಎಂಬ ಪ್ರಶ್ನೆಯನ್ನು ಕುರಿತು ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಲದಿಂದ ಪಾಶ್ಚಾತ್ಯ ದೇಶಗಳಲ್ಲಿ ವಿಸ್ತಾರವಾದ ಸಂಶೋಧನ ವಾಙ್ಮಯವೊಂದು ಬೆಳೆದುಬಂದಿದೆ.

ಇದು ವೈದ್ಯರಿಗೆ ಸೇರಿದ ವಿಷಯ, ಸಾಹಿತ್ಯ ಪರಿಶ್ರಮಿಗಳಿಗೆ ಇದರಿಂದ ಆಗಬೇಕಾದುದೇನು ಎಂಬ ಆಕ್ಷೇಪಣೆ ಬರಬಹುದು. ಆದರೆ ಸಂಶೋಧನ ಪ್ರಬಂಧವೂ ಒಂದು ಗ್ರಂಥವೇ. ಅದರಲ್ಲಿಯೂ ಪ್ರತಿಜ್ಞೆಯುಂಟು, ಹೇತುವುಂಟು, ದೃಷ್ಟಾಂತವುಂಟು, ನಿಗಮನವುಂಟು. ಒಂದು ಶಬ್ದವು ಪ್ರಾರಂಭದಲ್ಲಿ ಒಂದು ಅರ್ಥದಲ್ಲಿಯೂ ಮುಕ್ತಾಯದಲ್ಲಿ ಮತ್ತೊಂದು ಅರ್ಥದಲ್ಲಿಯೂ ನಿಂತಿರುವ ದೋಷ ಅಲ್ಲಿಯೂ ಕಾಣುವುದುಂಟು. ಕನ್ನಡಕ್ಕೆ ವೈದ್ಯವಾಙ್ಮಯ ಹೊಸದಲ್ಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ರಚಿಸಿದನು. ವೈದ್ಯವನ್ನು ಬರೆಯಬಲ್ಲ ಭಾಷೆ ವೈದ್ಯದ ಮಾತನ್ನು ವಿಮರ್ಶಿಸಲೂ ಬಲ್ಲುದಾಗಿರಬೇಕು. ಅದಕ್ಕೆ ಬೇಕಾದ ಪರಿಭಾಷೆಯನ್ನು ಹೊಸದಾಗಿ ಸೃಷ್ಟಿಸಬೇಕಾದ ಅಗತ್ಯವೂ ಇಲ್ಲ. ನಮ್ಮ ದೇಶದ ತರ್ಕಶಾಸ್ತ್ರದಲ್ಲಿ ಅದು ಸಿದ್ಧವಾಗಿಯೇ ಇದೆ.

೨

ಮೊದಲು ಲಕ್ಷಣವಿಚಾರ. ‘ಕೆಮ್ಮು’ ಎಂಬುದು ಒಂದು ರೋಗದ ಹೆಸರಲ್ಲ. ಗಂಟಲು, ಶ್ವಾಸನಾಳ ಮುಂತಾದ ಕಡೆಗಳಲ್ಲಿರುವ ನರಗಳ ತುದಿಗಳು ಕೆರಳಿದಾಗ ಆ ಸುದ್ದಿ ಮಿದುಳಿನ ಬುಡಕ್ಕೆ ಮುಟ್ಟಿ, ಅಲ್ಲಿಂದ ಹಿಂದಿರುಗಿದ ಆಜ್ಞೆಯಿಂದ ಎದೆಯೊಳಗಿನ ಗಾಳಿ ಥಟ್ಟನೆ ಹೊರಕ್ಕೆ ನುಗ್ಗುವ ಒಂದು ಕ್ರಿಯೆ. ಶ್ವಾಸಮಾರ್ಗವನ್ನು ಕಾಯುವುದು ಅದರ ಕೆಲಸ. ಕೆರಳಿಸುವ ಕಾರಣಗಳು ಮಾತ್ರ ನಾನಾ ಬಗೆ: ನೆಗಡಿಯ ವೈರಸ್ಸು, ಧೂಳು, ಹೊಗೆ, ಹೂವಿನ ಪರಾಗ, ಉಬ್ಬಸ, ಜಠರದಿಂದ ಮೇಲಕ್ಕೆ ಬರುವ ಆಮ್ಲ, ಕ್ಷಯ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಕಾಸವನ್ನು ವಾತಜ, ಪಿತ್ತಜ, ಕಫಜ, ಕ್ಷತಜ, ಕ್ಷಯಜ ಎಂದು ಐದಾಗಿ ವಿಂಗಡಿಸಿ ಒಂದೊಂದಕ್ಕೂ ಬೇರೆಬೇರೆ ಚಿಕಿತ್ಸೆಯನ್ನು ವಿಧಿಸಿದೆ. ಆ ವಿಭಾಗದ ಆಧಾರವನ್ನು ಇಂದಿನ ವಿಜ್ಞಾನವು ಒಪ್ಪದಿರಬಹುದು. ಆದರೆ ಕಾರಣಭೇದದಿಂದ ಚಿಕಿತ್ಸಾಭೇದವೆಂಬ ಅದರ ನಿಯಮ ಮಾತ್ರ ಹಳತಾಗಿಲ್ಲ. ಜನರ ನುಡಿಯಲ್ಲಿಯೂ ಒಣಕೆಮ್ಮು, ಕಫದ ಕೆಮ್ಮು, ನಾಯಿಕೆಮ್ಮು ಎಂಬ ವಿವೇಚನೆಯುಂಟು.

ಈಗಿನ ವೈದ್ಯರು ಕಾಲವನ್ನು ಹಿಡಿದು ವಿಂಗಡಿಸುತ್ತಾರೆ. ವಯಸ್ಕರಲ್ಲಿ ಮೂರು ವಾರಗಳೊಳಗಿನದು ಹೊಸ ಕೆಮ್ಮು, ಎಂಟು ವಾರಗಳನ್ನು ಮೀರಿದುದು ಹಳೆಯ ಕೆಮ್ಮು, ನಡುವಿನದು ಮಧ್ಯಮ. ಮಕ್ಕಳಲ್ಲಿ ನಾಲ್ಕು ವಾರಗಳನ್ನು ಮೀರಿದರೆ ಹಳೆಯದೆಂದು ಎಣಿಸುವುದು ವಾಡಿಕೆ. ವ್ಯವಹಾರಕ್ಕೆ ಇದು ಅನುಕೂಲವಾದ ವಿಭಾಗವೇ ಸರಿ. ಆದರೆ ಕಾಲವು ಕಾರಣವಲ್ಲ. ನಾಲ್ಕು ವಾರ ಕೆಮ್ಮಿದ ನೂರು ಮಕ್ಕಳನ್ನು ಒಂದು ಗುಂಪಾಗಿ ನಿಲ್ಲಿಸಿ ಒಂದೇ ಔಷಧವನ್ನು ಕೊಟ್ಟು ನೋಡಿದರೆ, ಪರಾಗದಿಂದ ಕೆಮ್ಮುವ ಹತ್ತು ಮಕ್ಕಳಿಗೆ ಆದ ಗುಣ ಉಳಿದ ತೊಂಬತ್ತರಲ್ಲಿ ಕರಗಿಹೋಗಬಹುದು. ಹತ್ತು ಮಕ್ಕಳನ್ನು ಮಾತ್ರ ನೋಡಿ ಬರೆದ ವಾಕ್ಯವನ್ನು ನೂರಕ್ಕೂ ಅನ್ವಯಿಸಿದರೆ ಸುಳ್ಳಾಗಬಹುದು. ಮೊದಲನೆಯದು ಅವ್ಯಾಪ್ತಿಯ ಕಡೆಗೂ ಎರಡನೆಯದು ಅತಿವ್ಯಾಪ್ತಿಯ ಕಡೆಗೂ ಬೀಳುವ ದೋಷ. ಪ್ರಕೃತ ವಾಙ್ಮಯದ ಅರ್ಧದಷ್ಟು ಗೊಂದಲ ಈ ಒಂದು ಶಬ್ದದ ಸಡಿಲಿನಿಂದ ಹುಟ್ಟಿದುದೆಂದರೆ ತಪ್ಪಾಗದು.

೩

ಔಷಧದ ಚರಿತ್ರೆಯನ್ನು ಸಂಗ್ರಹವಾಗಿ ನೋಡಬಹುದು. ಹಿಸ್ಟಮಿನ್ ಎಂಬ ಪದಾರ್ಥವನ್ನು ವಿಂಡೌಸ್ ಮತ್ತು ಫೋಕ್ಟ್ ಎಂಬವರು ೧೯೦೭ರಲ್ಲಿ ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದರು. ೧೯೧೦ರಲ್ಲಿ ಹೆನ್ರಿ ಡೇಲ್ ಮತ್ತು ಲೇಡ್ಲಾ ಅದು ಪ್ರಾಣಿಗಳ ಶರೀರದಲ್ಲಿ ನಡೆಸುವ ಕ್ರಿಯೆಗಳನ್ನು ವಿವರಿಸಿದರು. ಕೆಲವರಿಗೆ ಪರಾಗ, ಧೂಳು ಮುಂತಾದವು ಒಗ್ಗದೆ ಸೀನು, ತುರಿ, ಮೂಗಿನ ಸೋರಿಕೆಗಳು ಹುಟ್ಟುವುದರಲ್ಲಿ ಈ ಪದಾರ್ಥಕ್ಕೆ ಮುಖ್ಯವಾದ ಪಾತ್ರವಿದೆಯೆಂಬುದು ಮುಂದೆ ಸ್ಥಿರಪಟ್ಟಿತು. ಅದನ್ನು ತಡೆಯುವ ಮೊದಲ ರಾಸಾಯನಿಕವನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಆನ್‌ಮರಿ ಸ್ಟೌಬ್ ೧೯೩೭ರಲ್ಲಿ ಕಂಡುಹಿಡಿದರು. ಬೊವೆಗೆ ೧೯೫೭ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅಮೆರಿಕದಲ್ಲಿ ಜಾರ್ಜ್ ರೀವ್‌ಷೆಲ್ ರೂಪಿಸಿದ ಡೈಫೆನ್‌ಹೈಡ್ರಮಿನ್ ೧೯೪೬ರಲ್ಲಿ ಬೆನಡ್ರಿಲ್ ಎಂಬ ಹೆಸರಿನಿಂದ ಬಳಕೆಗೆ ಬಂದಿತು.

ಇಲ್ಲಿಯವರೆಗಿನ ಕಥೆ ಪರಾಗದ ಸೀನಿನದು. ೧೯೪೭ರಲ್ಲಿ ಅಮೆರಿಕದ ನೌಕಾದಳದ ವೈದ್ಯನಾದ ಜಾನ್ ಬ್ರೂಸ್ಟರ್, ನೆಗಡಿ ಹಿಡಿದ ಕೂಡಲೆ ಈ ಔಷಧವನ್ನು ಕೊಟ್ಟರೆ ಅದು ಅಲ್ಲಿಗೇ ಅಡಗುವುದೆಂದು ಪ್ರಕಟಿಸಿದನು. ಔಷಧವನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಹೆಚ್ಚು ಗುಣವೆಂಬುದು ಅವನ ವಾದದ ಜೀವಾಳ. ವೃತ್ತಪತ್ರಿಕೆಗಳು ಅದನ್ನು ಎತ್ತಿಕೊಂಡವು. ೧೯೪೯ರ ವೇಳೆಗೆ ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಈ ಮಾತ್ರೆಗಳು ಮಾರಾಟವಾಗತೊಡಗಿದವು. ವಾದದ ದೌರ್ಬಲ್ಯ ಅದರ ಜೀವಾಳದಲ್ಲಿಯೇ ಇದ್ದಿತೆಂಬುದನ್ನು ಗಮನಿಸಬೇಕು. ಮೂಗಿನಲ್ಲಿ ಕಚಗುಳಿಯಾದ ಮೊದಲ ಗಂಟೆಯಲ್ಲಿ ಅದು ನೆಗಡಿಯೋ, ಧೂಳಿನಿಂದ ಬಂದ ಸೀನೋ, ಸುಮ್ಮನೆ ಬಂದು ಹೋಗುವ ಉಪದ್ರವವೋ ಯಾರು ಬಲ್ಲರು? ಎಷ್ಟು ಬೇಗ ಔಷಧ ಕೊಡುವರೋ ಅಷ್ಟು ಹೆಚ್ಚಾಗಿ ನೆಗಡಿಯಲ್ಲದವರು ಆ ಗುಂಪಿನಲ್ಲಿ ಸೇರಿರುವರು; ಅವರೆಲ್ಲರೂ ‘ಗುಣಹೊಂದಿ’ದವರ ಲೆಕ್ಕಕ್ಕೆ ಬರುವರು. ಔಷಧವಿಲ್ಲದ ಮತ್ತೊಂದು ಗುಂಪನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಈ ಭ್ರಮೆ ಹರಿಯದು.

ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ ಕಾಗೆಯೇ ಬೀಳಿಸಿತೆನ್ನುವುದು ಕಾಕತಾಲೀಯ. ಹಣ್ಣು ತಾನಾಗಿ ಯಾವಾಗ ಬೀಳುತ್ತಿತ್ತೆಂಬುದನ್ನು ತಿಳಿದಲ್ಲದೆ ಕಾಗೆಯ ಪಾತ್ರವನ್ನು ನಿರ್ಣಯಿಸಲಾಗದು. ಮಾರ್ಕ್ ಎಬೆಲ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಲೇಖನವೊಂದು ಇದಕ್ಕೆ ಬೆಳಕು ಕೊಡುತ್ತದೆ. ಶ್ವಾಸಮಾರ್ಗದ ಸೋಂಕಿನಿಂದ ಬಂದ ಹೊಸ ಕೆಮ್ಮು ಸರಾಸರಿ ೧೭.೮ ದಿನಗಳು ಇರುವುದೆಂದು ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಅವರು ಲೆಕ್ಕ ಹಾಕಿದರು. ಜನರನ್ನು ಕೇಳಿದರೆ ಅವರು ನಿರೀಕ್ಷಿಸಿದುದು ಏಳರಿಂದ ಒಂಬತ್ತು ದಿನ. ಹತ್ತನೆಯ ದಿನ ತಾಳ್ಮೆಗೆಟ್ಟು ಔಷಧ ಕುಡಿದವನಿಗೆ ಹದಿನೆಂಟನೆಯ ದಿನ ಕೆಮ್ಮು ನಿಂತರೆ ಅವನು ಯಾವುದನ್ನು ಹೊಗಳುವನೆಂಬುದನ್ನು ಹೇಳಬೇಕಾಗಿಲ್ಲ.

ಕಾಕತಾಲೀಯಕ್ಕೆ ಪರಿಹಾರ ಅನ್ವಯವ್ಯತಿರೇಕ. ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು, ಎರಡನ್ನೂ ತೋರಿಸಿದಾಗಲೇ ಕಾರಣತ್ವ ಸಿದ್ಧಿಸುವುದು. ರೋಗಿಗಳನ್ನು ಚೀಟಿಯೆತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಔಷಧವನ್ನೂ ಮತ್ತೊಂದಕ್ಕೆ ನೋಟದಲ್ಲಿಯೂ ರುಚಿಯಲ್ಲಿಯೂ ಅದನ್ನೇ ಹೋಲುವ ಹುಸಿಮದ್ದನ್ನೂ ಕೊಟ್ಟು, ಯಾರಿಗೆ ಯಾವುದು ಸಂದಿತೆಂಬುದನ್ನು ಕೊಟ್ಟವರಿಗೂ ಕೊಂಡವರಿಗೂ ತಿಳಿಸದೆ ನಡೆಸುವ ಪರೀಕ್ಷೆ ಈ ನ್ಯಾಯದ ಆಧುನಿಕ ರೂಪವೇ. ಬ್ರಿಟನ್ನಿನ ವೈದ್ಯಸಂಶೋಧನ ಮಂಡಲಿಯು ನೆಗಡಿಯ ಮೇಲೆ ಇಂತಹ ಪರೀಕ್ಷೆಯನ್ನು ನಡೆಸಿ ೧೯೫೦ರಲ್ಲಿ ಫಲವನ್ನು ಪ್ರಕಟಿಸಿತು. ಎರಡು ಪಾಲುಗಳ ನಡುವೆ ಹೇಳಿಕೊಳ್ಳುವಂತಹ ಭೇದ ಕಾಣಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಫೆಲ್ಲರ್ ಮತ್ತು ಸಂಗಡಿಗರೂ ಈ ಔಷಧಗಳು ನೆಗಡಿಯನ್ನು ತಡೆಯಲೂ ಗುಣಪಡಿಸಲೂ ಸಮರ್ಥವಲ್ಲವೆಂದು ತೋರಿಸಿದರು. ಹೀಗೆ ೧೯೪೭ರಲ್ಲಿ ಎದ್ದ ವಾದ ಮೂರು ವರ್ಷಗಳಲ್ಲಿ ಬಿದ್ದಿತು. ಆದರೆ ಶಾಸ್ತ್ರದಲ್ಲಿ ಬಿದ್ದ ವಾದ ಅಂಗಡಿಯಲ್ಲಿ ಬೀಳಲಿಲ್ಲ; ಆಂಟಿಹಿಸ್ಟಮಿನ್ ಕೆಮ್ಮಿನ ಸೀಸೆಗಳಲ್ಲಿ ನೆಲೆನಿಂತಿತು.

೪

ಮುಂದಿನ ಸಂಶೋಧನೆಯಲ್ಲಿ ಎದ್ದ ತೊಡಕು ಇನ್ನೂ ಸೂಕ್ಷ್ಮವಾದುದು. ಆಂಟಿಹಿಸ್ಟಮಿನ್‌ಗಳಲ್ಲಿ ಎರಡು ತಲೆಮಾರುಗಳಿವೆ. ಡೈಫೆನ್‌ಹೈಡ್ರಮಿನ್, ಕ್ಲೋರ್‌ಫೆನಿರಮಿನ್, ಪ್ರೊಮೆಥಜಿನ್ ಮುಂತಾದ ಹಳೆಯವು ಮಿದುಳನ್ನು ಹೊಗುತ್ತವೆ, ನಿದ್ದೆ ಬರಿಸುತ್ತವೆ. ಹಿಸ್ಟಮಿನ್ನನ್ನು ತಡೆಯುವುದಲ್ಲದೆ ಅಸಿಟೈಲ್‌ಕೊಲೀನ್ ಎಂಬ ಮತ್ತೊಂದು ಪದಾರ್ಥದ ಕ್ರಿಯೆಯನ್ನೂ ತಡೆದು ಬಾಯಿ ಮೂಗುಗಳ ದ್ರವವನ್ನು ಒಣಗಿಸುತ್ತವೆ. ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಮುಂತಾದ ಹೊಸವು ಹಿಸ್ಟಮಿನ್ನನ್ನು ಚೆನ್ನಾಗಿ ತಡೆದರೂ ಮಿದುಳನ್ನು ಹೆಚ್ಚಾಗಿ ಹೊಗುವುದಿಲ್ಲ, ದ್ರವವನ್ನು ಅಷ್ಟಾಗಿ ಒಣಗಿಸುವುದೂ ಇಲ್ಲ. ನೆಗಡಿಯ ಸೀನು ಸೋರಿಕೆಗಳಲ್ಲಿ ಹಳೆಯವು ಅಲ್ಪಸ್ವಲ್ಪ ಉಪಶಮನವನ್ನು ತೋರಿದರೆ ಹೊಸವು ತೋರುವುದಿಲ್ಲವೆಂಬುದು ಅನೇಕ ಪರೀಕ್ಷೆಗಳ ಸಾರ. ಹಿಸ್ಟಮಿನ್ನನ್ನು ತಡೆಯುವುದೇ ಉಪಶಮನಕ್ಕೆ ಕಾರಣವಾಗಿದ್ದರೆ ಎರಡೂ ಸಮವಾಗಿ ಕೆಲಸ ಮಾಡಬೇಕಾಗಿತ್ತಷ್ಟೆ.

ಹೊಗೆಗೆ ಬೆಂಕಿ ಮಾತ್ರ ಸಾಲದು, ಹಸಿಸೌದೆಯ ಸಂಬಂಧವೂ ಬೇಕು; ಅದನ್ನು ಮರೆತು ಬೆಂಕಿಯಿದ್ದಲ್ಲೆಲ್ಲಾ ಹೊಗೆಯುಂಟೆನ್ನುವವನ ವ್ಯಾಪ್ತಿಯನ್ನು ಸೋಪಾಧಿಕವೆಂದು ನೈಯಾಯಿಕರು ತಳ್ಳಿಹಾಕುತ್ತಾರೆ. ಇಲ್ಲಿಯೂ ಹಾಗೆಯೇ. ‘ಆಂಟಿಹಿಸ್ಟಮಿನ್ ಕೊಟ್ಟಲ್ಲಿ ಉಪಶಮನ’ ಎಂಬ ವ್ಯಾಪ್ತಿಯಲ್ಲಿ ಒಣಗಿಸುವ ಗುಣ, ಮಂಪರು ಬರಿಸುವ ಗುಣ ಎಂಬ ಉಪಾಧಿಗಳು ಅಡಗಿವೆ. ನೆಕ್ಲೇರಿಯೊ ಮತ್ತು ಸಂಗಡಿಗರು ೧೯೮೮ರಲ್ಲಿ ಮಾಡಿದ ಪರಿಶೀಲನೆ ಇದಕ್ಕೆ ಬಲವಾದ ಆಧಾರ. ಬೇಕೆಂದೇ ನೆಗಡಿಯ ವೈರಸ್ಸನ್ನು ಹೊಗಿಸಿದವರ ಮೂಗಿನ ದ್ರವದಲ್ಲಿ ಕೈನಿನ್ ಎಂಬ ಪದಾರ್ಥಗಳು ಹೆಚ್ಚಿದವು, ಹಿಸ್ಟಮಿನ್ ಹೆಚ್ಚಲಿಲ್ಲ. ವೈರಿಯೇ ಇಲ್ಲದ ಕಡೆ ವೈರಿಯನ್ನು ಹೊಡೆದೆನೆಂಬ ಬಿರುದು ಹೇಗೆ ಒಪ್ಪುವುದು? ಔಷಧದ ಹೆಸರು ಅದರ ಒಂದು ಕ್ರಿಯೆಯನ್ನು ಸೂಚಿಸುತ್ತದೆ. ಫಲ ಬಂದುದು ಹೆಸರಿನಲ್ಲಿಲ್ಲದ ಬೇರೊಂದು ಕ್ರಿಯೆಯಿಂದ. ಅನ್ವರ್ಥವೆಂದು ತೋರುವ ನಾಮ ಇಲ್ಲಿ ರೂಢಿಮಾತ್ರವಾಗಿದೆ. ಹೆಸರನ್ನು ನಂಬಿ ಹೊಸ ತಲೆಮಾರಿನ ಮಾತ್ರೆಯನ್ನು ನೆಗಡಿಯ ಕೆಮ್ಮಿಗೆ ಬರೆದುಕೊಡುವುದು ಈ ಶಬ್ದಭ್ರಮೆಯ ಫಲ.

೫

ಮೂರನೆಯ ತೊಡಕು ಮಿಶ್ರಣದ್ದು. ಕರ್ಲಿ, ಅರ್ವಿನ್, ಪ್ರಾಟರ್ ಮುಂತಾದವರು ೧೯೮೮ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ವಾಙ್ಮಯದಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಡೆಕ್ಸ್‌ಬ್ರೊಮ್‌ಫೆನಿರಮಿನ್ ಎಂಬ ಹಳೆಯ ಆಂಟಿಹಿಸ್ಟಮಿನ್ನನ್ನು ಮೂಗಿನ ಕಟ್ಟನ್ನು ಬಿಡಿಸುವ ಸೂಡೊಎಫೆಡ್ರಿನ್ ಜೊತೆಗೆ ಕೊಟ್ಟಾಗ ನೆಗಡಿಯ ಕೆಮ್ಮು ಹುಸಿಮದ್ದಿಗಿಂತ ಹೆಚ್ಚಾಗಿ ತಗ್ಗಿತೆಂಬುದು ಅದರ ನಿಗಮನ. ಪರೀಕ್ಷೆಯ ಕ್ರಮದಲ್ಲಿ ದೋಷವೆಣಿಸಬೇಕಾದುದಿಲ್ಲ. ಆದರೆ ಇಬ್ಬರು ಸೇರಿ ಎತ್ತಿದ ಕಲ್ಲನ್ನು ಒಬ್ಬನೇ ಎತ್ತಿದನೆಂದು ಹೇಳಲಾಗದು. ಮುಂದಿನ ಲೇಖಕರು ಈ ಪ್ರಬಂಧವನ್ನು ‘ಆಂಟಿಹಿಸ್ಟಮಿನ್ ಕೆಮ್ಮನ್ನು ತಗ್ಗಿಸುತ್ತದೆ’ ಎಂಬುದಕ್ಕೆ ಆಧಾರವಾಗಿ ಉದಾಹರಿಸಿದರೆ ಮೂಲದಲ್ಲಿಲ್ಲದ ಅರ್ಥವನ್ನು ಮೂಲಕ್ಕೆ ಹೊರಿಸಿದಂತಾಗುವುದು. ವ್ಯಾಖ್ಯಾನಕಾರರ ಕೈಯಲ್ಲಿ ಮೂಲಗ್ರಂಥಗಳು ಪಟ್ಟ ಪಾಡನ್ನು ಬಲ್ಲವರಿಗೆ ಇದು ಅಪರಿಚಿತವಾದ ವ್ಯಾಪಾರವಲ್ಲ.

ಹಳೆಯ ಕೆಮ್ಮಿನ ವಿಷಯದಲ್ಲಿ ಇನ್ನೊಂದು ವಿಶೇಷವುಂಟು. ಮೂಗಿನ ಹಿಂಭಾಗದಿಂದ ಗಂಟಲಿಗೆ ಇಳಿಯುವ ದ್ರವ ಹಳೆಯ ಕೆಮ್ಮಿಗೆ ಒಂದು ಮುಖ್ಯ ಕಾರಣವೆಂದು ಅರ್ವಿನ್ ಮತ್ತು ಅವನ ಅನುಯಾಯಿಗಳು ಪ್ರತಿಪಾದಿಸಿದರು. ಅಮೆರಿಕದ ಎದೆರೋಗ ವೈದ್ಯರ ಕಾಲೇಜು ೨೦೦೬ರಲ್ಲಿ ಅದಕ್ಕೆ ‘ಮೇಲಿನ ಶ್ವಾಸಮಾರ್ಗದ ಕೆಮ್ಮಿನ ಲಕ್ಷಣಸಮೂಹ’ ಎಂಬ ಅರ್ಥದ ಹೊಸ ಹೆಸರನ್ನಿಟ್ಟಿತು. ಈ ಸ್ಥಿತಿಯನ್ನು ಗುರುತಿಸಲು ನಿಶ್ಚಿತವಾದ ಪರೀಕ್ಷೆಯಿಲ್ಲ. ಹಳೆಯ ಆಂಟಿಹಿಸ್ಟಮಿನ್ನನ್ನು ಮೂಗಿನ ಕಟ್ಟು ಬಿಡಿಸುವ ಔಷಧದೊಂದಿಗೆ ಕೊಟ್ಟು ಕೆಮ್ಮು ತಗ್ಗಿದರೆ ಕಾರಣ ಅದೇ ಎಂದು ತಿಳಿಯತಕ್ಕದ್ದು. ಔಷಧ ಫಲಿಸಿದ್ದೇಕೆ? ರೋಗ ಅದಾಗಿದ್ದುದರಿಂದ. ರೋಗ ಅದೆಂದು ತಿಳಿದುದು ಹೇಗೆ? ಔಷಧ ಫಲಿಸಿದುದರಿಂದ. ಇದು ಸ್ಪಷ್ಟವಾದ ಅನ್ಯೋನ್ಯಾಶ್ರಯ. ಚಿಕಿತ್ಸಕನಿಗೆ ಇದು ಉಪಯುಕ್ತವಾದ ದಾರಿಯಾಗಿರಬಹುದು. ರೋಗಿಯ ಕೆಮ್ಮು ನಿಂತರೆ ಅವನಿಗೆ ಅಷ್ಟು ಸಾಕು. ಆದರೆ ಔಷಧದ ಗುಣವನ್ನು ಸಾಧಿಸುವ ಹೇತುವಾಗಿ ಇದನ್ನು ಬಳಸಿದರೆ ಹೇತ್ವಾಭಾಸವಾಗುವುದು.

ಅದೇ ಸಂಸ್ಥೆಯ ಎರಡು ವಾಕ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಚಿತ. ೨೦೦೬ರ ಮಾರ್ಗದರ್ಶನದಲ್ಲಿ ನೆಗಡಿಯ ಕೆಮ್ಮಿಗೆ ಮೇಲ್ಕಂಡ ಬಗೆಯ ಮಿಶ್ರಣವನ್ನು ಅದು ಶಿಫಾರಸು ಮಾಡಿತು; ಮಂಪರು ಬರಿಸದ ಹೊಸ ಆಂಟಿಹಿಸ್ಟಮಿನ್ ಬೇಡವೆಂದೂ ವಿವೇಚನೆಯಿಂದ ಹೇಳಿತು. ೨೦೧೭ರ ವರದಿಯಲ್ಲಾದರೋ, ಚೀಟಿಯಿಲ್ಲದೆ ಮಾರುವ ನೆಗಡಿ ಕೆಮ್ಮುಗಳ ಔಷಧಗಳು ಕೆಮ್ಮಿನ ಬಿರುಸನ್ನಾಗಲಿ ಅವಧಿಯನ್ನಾಗಲಿ ಕಡಮೆ ಮಾಡುವುವೆಂದು ಸಿದ್ಧವಾಗುವವರೆಗೂ ಅವುಗಳನ್ನು ಬಳಸದಿರುವುದೇ ಮೇಲೆಂದು ಸೂಚಿಸಿತು. ಹನ್ನೊಂದು ವರ್ಷಗಳಲ್ಲಿ ಮಾತು ತಿರುಗಿದುದನ್ನು ಹಾಸ್ಯ ಮಾಡುವುದು ಸುಲಭ, ಅದು ಸರಿಯಲ್ಲ. ತನ್ನ ಹಿಂದಿನ ವಾಕ್ಯವನ್ನು ತಾನೇ ತಿದ್ದಿಕೊಳ್ಳುವುದು ಶಾಸ್ತ್ರದ ಲಕ್ಷಣ. ಖಂಡಿಸಬೇಕಾದುದು ತಿದ್ದುಪಡಿಯನ್ನಲ್ಲ, ಹಿಂದಿನ ವಾಕ್ಯವನ್ನೇ ಇಂದಿನದೆಂದು ಉದ್ಧರಿಸುವವರ ಅಲಕ್ಷ್ಯವನ್ನು.

೬

ಬಿಡಿಬಿಡಿಯಾದ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗುವ ಕಾರ್ಯವನ್ನು ಕಾಕ್ರನ್ ಸಂಸ್ಥೆಯವರು ನಡೆಸಿದ್ದಾರೆ. ಅವರ ಮೂರು ಸಮೀಕ್ಷೆಗಳು ಇಲ್ಲಿ ಪ್ರಸ್ತುತ.

ಚೀಟಿಯಿಲ್ಲದೆ ದೊರೆಯುವ ಕೆಮ್ಮಿನ ಔಷಧಗಳನ್ನು ಕುರಿತ ೨೦೧೪ರ ಸಮೀಕ್ಷೆಯಲ್ಲಿ ೨೯ ಪರೀಕ್ಷೆಗಳೂ ೪೮೩೫ ಜನರೂ ಸೇರಿದ್ದಾರೆ. ವಯಸ್ಕರಲ್ಲಿ ಆಂಟಿಹಿಸ್ಟಮಿನ್ನನ್ನು ಮಾತ್ರ ಕೊಟ್ಟು ನೋಡಿದ ಮೂರು ಪರೀಕ್ಷೆಗಳಲ್ಲಿ ಅದು ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. ಮಕ್ಕಳಲ್ಲಿ ನಡೆದ ಮೂರರಲ್ಲಿಯೂ ಹಾಗೆಯೇ. ನೆಗಡಿಗೆ ಆಂಟಿಹಿಸ್ಟಮಿನ್ ಎಂಬ ೨೦೧೫ರ ಸಮೀಕ್ಷೆಯಲ್ಲಿ ೧೮ ಪರೀಕ್ಷೆಗಳೂ ೪೩೪೨ ಜನರೂ ಇದ್ದು, ಅವರಲ್ಲಿ ಮಕ್ಕಳು ೨೧೨ ಮಾತ್ರ. ವಯಸ್ಕರಲ್ಲಿ ಮೊದಲ ಒಂದೆರಡು ದಿನ ಒಟ್ಟಿನ ಮೇಲೆ ಸುಧಾರಿಸಿದೆವೆಂದವರು ಔಷಧ ಪಡೆದವರಲ್ಲಿ ಶೇಕಡ ೪೫, ಹುಸಿಮದ್ದು ಪಡೆದವರಲ್ಲಿ ಶೇಕಡ ೩೮. ಅಲ್ಲಿಂದ ಮುಂದೆ ಭೇದವಿಲ್ಲ. ಈ ಏಳರ ಅಂತರವೂ ಒಟ್ಟು ಉಪದ್ರವದ್ದೇ ಹೊರತು ಕೆಮ್ಮಿನದಲ್ಲವೆಂಬುದನ್ನು ಮರೆಯಬಾರದು. ಮಕ್ಕಳ ದೀರ್ಘಕಾಲದ ಕೆಮ್ಮನ್ನು ಕುರಿತು ಆನ್ ಚಾಂಗ್ ಮತ್ತು ಸಂಗಡಿಗರು ಮಾಡಿದ ಸಮೀಕ್ಷೆಗೆ ದೊರೆತುದು ಮೂರೇ ಪರೀಕ್ಷೆ, ೧೮೨ ಮಕ್ಕಳು. ದೊಡ್ಡವಾದ ಎರಡರಲ್ಲಿ ಎರಡು ಪಾಲಿನ ಮಕ್ಕಳೂ ಸಮವಾಗಿ ಗುಣಹೊಂದಿದರು. ಮೂರನೆಯದರಲ್ಲಿ ಇಪ್ಪತ್ತೇ ಮಕ್ಕಳು, ಪರಾಗದ ಋತುವಿನಲ್ಲಿ ಮೂಗಿನ ಅಲರ್ಜಿಯಿಂದ ನರಳುವವರು. ಅವರಲ್ಲಿ ಸೆಟಿರಿಜಿನ್ ಎರಡು ವಾರಗಳೊಳಗೆ ಕೆಮ್ಮನ್ನು ತಗ್ಗಿಸಿತು.

ಇಲ್ಲಿ ಎರಡು ಮಾತುಗಳನ್ನು ವಿವೇಚಿಸಬೇಕು. ಒಂದನೆಯದು, ಕಡೆಯ ಇಪ್ಪತ್ತು ಮಕ್ಕಳ ಫಲ ಹಿಂದೆ ಹೇಳಿದ ತತ್ತ್ವಕ್ಕೆ ವಿರೋಧಿಯಲ್ಲ, ಪೋಷಕ. ಅಲರ್ಜಿಯಲ್ಲಿ ಹಿಸ್ಟಮಿನ್ ನಿಜವಾಗಿಯೂ ಇದೆ; ಅದನ್ನು ತಡೆಯುವ ಔಷಧ ಅಲ್ಲಿ ತನ್ನ ಹೆಸರಿಗೆ ತಕ್ಕ ಕೆಲಸವನ್ನು ಮಾಡಿದರೆ ಆಶ್ಚರ್ಯವಿಲ್ಲ. ಆದರೆ ಇಪ್ಪತ್ತು ಮಕ್ಕಳ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟಲಾಗದು. ಆ ಫಲವನ್ನು ನೆಗಡಿಯ ಕೆಮ್ಮಿಗೆ ಹಬ್ಬಿಸುವುದಂತೂ ಸಲ್ಲದು.

ಎರಡನೆಯದು ಇನ್ನೂ ಮುಖ್ಯ. ‘ಭೇದ ಕಾಣಲಿಲ್ಲ’ ಎಂಬ ವಾಕ್ಯಕ್ಕೆ ‘ಭೇದವಿಲ್ಲ’ ಎಂದೇ ಅರ್ಥವೆ? ಅನುಪಲಬ್ಧಿಯನ್ನು ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಪ್ರತ್ಯೇಕ ಪ್ರಮಾಣವೆಂದು ಎಣಿಸುತ್ತಾರೆ. ಆದರೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕೆಂಬ ನಿಯಮವುಂಟು. ದೀಪ ಬೆಳಗುತ್ತಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಇಲ್ಲವೆನ್ನಲಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಷ್ಟು ಬೆಳಕಿರಬೇಕು. ಪರೀಕ್ಷೆಗೆ ಬೆಳಕೆಂದರೆ ಒಳಪಟ್ಟವರ ಸಂಖ್ಯೆ, ಅಳತೆಯ ನಿಖರತೆ, ಗುಂಪಿನ ಸಮಾನತೆ. ಕೆಲವರು ಕೆಮ್ಮಿನ ಸಂಖ್ಯೆಯನ್ನು ಯಂತ್ರದಿಂದ ಎಣಿಸಿದರು; ಕೆಲವರು ದಿನಚರಿಯಲ್ಲಿ ಬರೆಸಿಕೊಂಡರು; ಕೆಲವರು ತಂದೆತಾಯಿಗಳನ್ನು ಕೇಳಿದರು; ಮತ್ತೆ ಕೆಲವರು ಮೆಣಸಿನಕಾಯಿಯ ಖಾರದ ಸತ್ತ್ವವನ್ನು ಉಸಿರಿನಲ್ಲಿ ಎಳೆಸಿ ಎಷ್ಟಕ್ಕೆ ಕೆಮ್ಮು ಬರುವುದೆಂದು ನೋಡಿದರು. ಈ ಕಡೆಯ ಬಗೆಯಲ್ಲಿ ಡಿಕ್ಪಿನಿಗೈಟಿಸ್ ಮತ್ತು ಸಂಗಡಿಗರು ೨೦೧೫ರಲ್ಲಿ ನೆಗಡಿ ಹಿಡಿದವರನ್ನು ಪರೀಕ್ಷಿಸಿ, ಡೈಫೆನ್‌ಹೈಡ್ರಮಿನ್ ಕೆಮ್ಮಿನ ಕೆರಳುವಿಕೆಯನ್ನು ತಗ್ಗಿಸುವುದೆಂದು ಕಂಡರು. ಅಮೆರಿಕ ಸರಕಾರದ ನಿಯಮಾವಳಿಯಲ್ಲಿ ಆ ಔಷಧಕ್ಕೆ ಕೆಮ್ಮು ತಡೆಯುವ ಔಷಧಗಳ ಪಟ್ಟಿಯಲ್ಲಿ ಸ್ಥಾನವೂ ಇದೆ. ಆದರೆ ಖಾರದಿಂದ ಬರಿಸಿದ ಕೆಮ್ಮು ಬೇರೆ, ರಾತ್ರಿ ನಿದ್ದೆಗೆಡಿಸುವ ಕೆಮ್ಮು ಬೇರೆ. ಒಂದರ ಅಳತೆ ಮತ್ತೊಂದರ ಸಾಕ್ಷಿಯಾಗಬೇಕಾದರೆ ನಡುವೆ ಸೇತುವೆ ಬೇಕು.

ಹೀಗಿರುವಲ್ಲಿ ೨೦೧೪ರ ಸಮೀಕ್ಷೆಯವರು, ಈ ಔಷಧಗಳ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಒಳ್ಳೆಯ ಪ್ರಮಾಣವಿಲ್ಲವೆಂಬ ಅರ್ಥದ ನಿಗಮನವನ್ನಿತ್ತುದು ಯುಕ್ತವೇ ಆಗಿದೆ. ಇದನ್ನು ಕನ್ನಡಿಸುವವರು ‘ಪ್ರಯೋಜನವಿಲ್ಲವೆಂದು ಸಿದ್ಧವಾಯಿತು’ ಎಂದು ಬರೆದರೆ ಮೂಲಕ್ಕೆ ಅಪಚಾರ. ‘ಹಾನಿಯೇನೂ ಸಿದ್ಧವಾಗಿಲ್ಲ’ ಎಂದು ಬರೆದರೆ ಮತ್ತೂ ದೊಡ್ಡ ಅಪಚಾರ. ‘ಪ್ರಯೋಜನಕ್ಕೆ ಪ್ರಮಾಣವಿಲ್ಲ’, ‘ಅಪ್ರಯೋಜನಕ್ಕೆ ಪ್ರಮಾಣವಿದೆ’ ಎಂಬ ಎರಡು ವಾಕ್ಯಗಳ ಅಂತರವನ್ನು ಕಾಪಾಡಿಕೊಳ್ಳುವ ಶಕ್ತಿ ಕನ್ನಡಕ್ಕೆ ಚೆನ್ನಾಗಿಯೇ ಇದೆ. ಕೊರತೆಯಿರುವುದು ಬರೆಯುವವರ ಎಚ್ಚರದಲ್ಲಿ.

೭

ಹುಸಿಮದ್ದಿನ ವಿಷಯವನ್ನು ಬಿಟ್ಟು ಈ ವಿಮರ್ಶೆ ಪೂರ್ಣವಾಗದು. ಇಯಾನ್ ಪಾಲ್ ಮತ್ತು ಸಂಗಡಿಗರು ೨೦೦೪ರಲ್ಲಿ ರಾತ್ರಿ ಕೆಮ್ಮುವ ನೂರು ಮಕ್ಕಳನ್ನು ಮೂರು ಪಾಲು ಮಾಡಿ, ಒಂದಕ್ಕೆ ಡೈಫೆನ್‌ಹೈಡ್ರಮಿನ್, ಒಂದಕ್ಕೆ ಡೆಕ್ಸ್ಟ್ರೊಮೆಥಾರ್ಫಾನ್, ಒಂದಕ್ಕೆ ಹುಸಿಮದ್ದನ್ನು ಕೊಟ್ಟರು. ಎರಡನೆಯ ರಾತ್ರಿ ಮೂರು ಪಾಲಿನ ಮಕ್ಕಳ ಕೆಮ್ಮೂ ತಗ್ಗಿತು; ಮಕ್ಕಳ ನಿದ್ದೆಯಲ್ಲಿಯಾಗಲಿ ತಂದೆತಾಯಿಗಳ ನಿದ್ದೆಯಲ್ಲಿಯಾಗಲಿ ಔಷಧಗಳು ಹುಸಿಮದ್ದನ್ನು ಮೀರಿಸಲಿಲ್ಲ. ಕಾರ್ಡಿಫಿನ ರಾನ್ ಎಕ್ಲೆಸ್, ಕೆಮ್ಮಿನ ಔಷಧಗಳಿಂದ ತೋರುವ ಫಲದಲ್ಲಿ ಶೇಕಡ ೮೫ರವರೆಗೂ ಹುಸಿಮದ್ದಿನ ಪರಿಣಾಮವೇ ಇರಬಹುದೆಂದು ೨೦೦೨ರಲ್ಲಿ ವಾದಿಸಿದನು. ಕೆಮ್ಮು ಸ್ವಲ್ಪಮಟ್ಟಿಗೆ ಮನಸ್ಸಿನ ಹಿಡಿತಕ್ಕೆ ಸಿಕ್ಕುವ ಕ್ರಿಯೆ. ಸಿಹಿಯಾದ ಪಾನಕ ಗಂಟಲನ್ನು ಲೇಪಿಸುತ್ತದೆ. ಆರೈಕೆ ದೊರೆಯಿತೆಂಬ ನೆಮ್ಮದಿಯೂ ಸೇರುತ್ತದೆ. ಆದುದರಿಂದ ‘ಗುಣವಾಯಿತು’ ಎನ್ನುವ ರೋಗಿ ಸುಳ್ಳಾಡುತ್ತಿಲ್ಲ. ಅವನ ಅನುಭವ ಸತ್ಯ, ಕಾರಣಕಲ್ಪನೆ ಮಾತ್ರ ಸಂದಿಗ್ಧ. ಒಂದು ವರ್ಷ ತುಂಬಿದ ಮಕ್ಕಳಿಗೆ ಜೇನುತುಪ್ಪ ಸ್ವಲ್ಪ ಉಪಶಮನ ಕೊಡಬಹುದೆಂದು ೨೦೧೭ರ ವರದಿ ಹೇಳಿರುವುದು ಈ ದೃಷ್ಟಿಯಿಂದ ಗಮನಾರ್ಹ. ಒಂದು ವರ್ಷದೊಳಗಿನ ಕೂಸಿಗೆ ಜೇನು ಸಲ್ಲದು, ಅದರಲ್ಲಿರಬಹುದಾದ ಬೀಜಾಣುಗಳಿಂದ ಬೊಟ್ಯುಲಿಸಂ ಎಂಬ ಘೋರವ್ಯಾಧಿ ಬರುವ ಭಯವಿದೆ.

ಫಲ ಹುಸಿಮದ್ದಿನಷ್ಟೇ ಆದರೆ ಔಷಧವನ್ನು ಕೊಟ್ಟರೇನು ನಷ್ಟವೆಂದು ಕೇಳಬಹುದು. ನಷ್ಟವಿರುವುದೇ ಇಲ್ಲಿ. ಹುಸಿಮದ್ದು ಮಂಪರು ಬರಿಸದು. ಹಳೆಯ ಆಂಟಿಹಿಸ್ಟಮಿನ್ ಬರಿಸುವುದು. ವೃದ್ಧರಲ್ಲಿ ಅದು ಮೂತ್ರವನ್ನು ಕಟ್ಟಬಹುದು, ಬುದ್ಧಿಯನ್ನು ಮಸಕುಗೊಳಿಸಬಹುದು, ಬೀಳುವಂತೆ ಮಾಡಬಹುದು. ಕೆಲವು ಮಕ್ಕಳಲ್ಲಿ ನಿದ್ದೆಗೆ ಬದಲಾಗಿ ಉದ್ರೇಕವನ್ನೇ ಹುಟ್ಟಿಸಬಹುದು. ಪ್ರಮಾಣ ಮೀರಿದರೆ ಸೆಳವು ಬರಿಸಿ ಹೃದಯದ ಗತಿಯನ್ನು ಕೆಡಿಸಬಹುದು. ಅಮೆರಿಕದ ಆಹಾರ ಔಷಧ ಇಲಾಖೆ ೨೦೦೮ರಲ್ಲಿ ಎರ‍ಡು ವರ್ಷದೊಳಗಿನ ಮಕ್ಕಳಿಗೆ ಚೀಟಿಯಿಲ್ಲದ ಕೆಮ್ಮು ನೆಗಡಿಗಳ ಔಷಧ ಬೇಡವೆಂದಿತು. ತಯಾರಕರು ಅದೇ ವರ್ಷ ನಾಲ್ಕು ವರ್ಷಕ್ಕೆ ಆ ಎಲ್ಲೆಯನ್ನು ಏರಿಸಿದರು. ಬ್ರಿಟನ್ ೨೦೦೯ರಲ್ಲಿ ಆರು ವರ್ಷದೊಳಗಿನವರಿಗೆ ಬೇಡವೆಂದಿತು. ಭಾರತದಲ್ಲಿ ೨೦೨೩ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಣಾಧಿಕಾರಿಗಳು ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್‌ಗಳ ಮಿಶ್ರಣದ ಮೇಲೆ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂಬ ಎಚ್ಚರಿಕೆಯನ್ನು ಅಚ್ಚುಮಾಡಿಸಬೇಕೆಂದು ಆಜ್ಞಾಪಿಸಿದರು.

೨೦೨೨ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗ್ಯಾಂಬಿಯ ದೇಶದ ಮಕ್ಕಳ ಮರಣದ ಸಂಬಂಧವಾಗಿ ಹೊರಡಿಸಿದ ಎಚ್ಚರಿಕೆಯಲ್ಲಿ ಪ್ರೊಮೆಥಜಿನ್ ದ್ರಾವಣವೊಂದರ ಹೆಸರೂ ಇದ್ದಿತು. ಅಲ್ಲಿ ವಿಷವಾದುದು ಆಂಟಿಹಿಸ್ಟಮಿನ್ ಅಲ್ಲ, ದ್ರಾವಣದಲ್ಲಿ ಬೆರೆತಿದ್ದ ಡೈಎಥಿಲೀನ್ ಗ್ಲೈಕಾಲ್ ಮುಂತಾದ ಕಲ್ಮಷ. ಎರಡನ್ನೂ ಬೆರೆಸಿ ವಾದಿಸುವುದು ನ್ಯಾಯವಲ್ಲ. ಆದರೂ ಅನಾವಶ್ಯಕವಾದ ಸೀಸೆ ಮನೆಗೆ ಬಾರದಿದ್ದರೆ ಅದರೊಳಗಿನ ಕಲ್ಮಷವೂ ಬಾರದೆಂಬಷ್ಟು ಮಾತ್ರ ನಿಶ್ಚಯ.

೮

ಒಟ್ಟಿನಲ್ಲಿ ಈ ವಾಙ್ಮಯದಿಂದ ಹೊರಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಅಲರ್ಜಿಯೇ ಮೂಲವಾದ ಕೆಮ್ಮಿನಲ್ಲಿ ಆಂಟಿಹಿಸ್ಟಮಿನ್ನಿಗೆ ಯುಕ್ತಿಯ ಬೆಂಬಲವುಂಟು, ಪರೀಕ್ಷೆಯ ಬೆಂಬಲ ಅಲ್ಪ. ನೆಗಡಿಯ ಕೆಮ್ಮಿನಲ್ಲಿ ಅದನ್ನು ಮಾತ್ರ ಕೊಡುವುದಕ್ಕೆ ಯುಕ್ತಿಯ ಬೆಂಬಲವೂ ದುರ್ಬಲ, ಪರೀಕ್ಷೆಯ ಬೆಂಬಲವೂ ಇಲ್ಲ. ಹಳೆಯ ಔಷಧವನ್ನು ಮಿಶ್ರಣದಲ್ಲಿ ಕೊಟ್ಟಾಗ ವಯಸ್ಕರಲ್ಲಿ ಕೆಲವೊಮ್ಮೆ ಕಂಡ ಗುಣ ಹಿಸ್ಟಮಿನ್ನಿನ ತಡೆಯಿಂದ ಬಂದುದೆಂದು ಹೇಳಲಾಗದು. ಎಳೆಯ ಮಕ್ಕಳಲ್ಲಿ ಗುಣ ಕಾಣದು, ಹಾನಿಯ ಭಯ ಮಾತ್ರ ಸ್ಪಷ್ಟ.

ಈ ನಿರ್ಣಯ ವೈದ್ಯರ ಪತ್ರಿಕೆಗಳಲ್ಲಿ ಬಹುಕಾಲದಿಂದ ಇದೆ. ಅದು ತಾಯಿಯ ಕೈಗೆ ಮುಟ್ಟಿಲ್ಲ. ಏಕೆಂದರೆ ಸೀಸೆಯ ಮೇಲಿನ ಬರಹ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ, ಅದೂ ಸಣ್ಣ ಅಕ್ಷರಗಳಲ್ಲಿ. ನಾಲ್ಕು ವರ್ಷದೊಳಗಿನ ಮಗುವಿಗೆ ಕೊಡಬೇಡಿರೆಂಬ ಒಂದು ವಾಕ್ಯವನ್ನು ಓದಲಾರದವಳಿಗೆ ಆ ವಾಕ್ಯ ಇದ್ದೂ ಇಲ್ಲದಂತೆ. ಶಾಸ್ತ್ರದ ಮಾತನ್ನು ಹೆಚ್ಚಿಸದೆ, ಕುಗ್ಗಿಸದೆ, ಅದರ ಸಂದೇಹವನ್ನು ಸಂದೇಹವಾಗಿಯೂ ನಿಶ್ಚಯವನ್ನು ನಿಶ್ಚಯವಾಗಿಯೂ ಕನ್ನಡದಲ್ಲಿ ಹೇಳುವುದು ಭಾಷೆಯ ಪಂಡಿತರ ಕೆಲಸಕ್ಕೆ ಹೊರಗಾದುದಲ್ಲ. ಹಿಂದೆ ಸೋಮನಾಥನೂ ಮಂಗರಾಜನೂ ತಮ್ಮ ಕಾಲದ ವೈದ್ಯವನ್ನು ಕನ್ನಡದವರ ಕೈಗೆ ಎಟುಕುವಂತೆ ಮಾಡಿದರು. ಈ ಕಾಲದ ವೈದ್ಯಕ್ಕೂ ಅಂತಹ ಕೈಗಳು ಬೇಕಾಗಿವೆ.